ಬಟ್ಟೆಯ ಬೆನ್ನು

ನನಗೊಂದು ಚಾಳಿ ಇದೆ. ಯಾವ ಬಟ್ಟೆ ಕೈಗೆ ಸಿಕ್ಕರೂ ಮೊದಲು ಅದನ್ನು ತಿರುವಿ ಹಿಂಬದಿ ನೋಡುತ್ತೇನೆ. ಅಂಗಡಿಯವನು ಶರ್ಟಿನ ಬಟ್ಟೆಯನ್ನು ಥಾನಿನಿಂದ ಬಿಡಿಸಿ, ದೀಪದ ಬೆಳಕಿಗೆ ಮಿಂಚುವಂತೆ ಹರವಿ, ಅದರ ಗುಣಗಾನ ಮಾಡುತ್ತಿರುವಾಗ ನಾನು ಒಂದು ಮೂಲೆಯನ್ನು ಮಗುಚಿ ಬೆನ್ನು ನೋಡುತ್ತಿರುತ್ತೇನೆ. ನಾಗಪುರದ ಸೀತಾಬರ್ಡಿ ಪೇಟೆಯ ಒಂದಿಬ್ಬರು ಅಂಗಡಿಯವರಂತೂ ಈಗ ನನ್ನನ್ನು ಕಂಡರೆ ಬಟ್ಟೆಯನ್ನು ಉಲ್ಟಾ ಮಾಡಿಯೇ ಮುಂದಿಡುತ್ತಾರೆ. ಒಮ್ಮೆ ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತಿದ್ದ ಅಪರಿಚಿತರೊಬ್ಬರ ಶಾಲಿನ ಅಂಚನ್ನು ಅವರಿಗೆ ಗೊತ್ತಾಗದಂತೆ ತಿರುವಿ ನೋಡಲು ಹೋಗಿ ಸಿಕ್ಕಿಬಿದ್ದೆ. ಆ ಹಿರಿಯರು ತಮ್ಮ ಜೇಬು ಮುಟ್ಟಿ ನೋಡಿಕೊಂಡು ಎರಡು ಕುರ್ಚಿ ಆಚೆ ಹೋಗಿ ಕೂತರು. ಅಂದಿನಿಂದ ನನ್ನ ಹೆಂಡತಿ ಸರೋಜಾ ಯಾವ ಮದುವೆಗೆ ಹೋದರೂ ನನ್ನ ಎಡಬಲದಲ್ಲಿ ನಮ್ಮವರೇ ಕೂರುವಂತೆ ನೋಡಿಕೊಳ್ಳುತ್ತಾಳೆ.

ಇದು ನನ್ನ ತಪ್ಪಲ್ಲ, ಹೊಟ್ಟೆಪಾಡು ಕಲಿಸಿದ್ದು. ಮೂವತ್ತೊಂದು ವರ್ಷ ವಿಮಾನದಳದಲ್ಲಿದ್ದೆ. ಹಾಗೆಂದ ಕೂಡಲೇ ಜನ ನನ್ನ ಮೀಸೆಯನ್ನೊಮ್ಮೆ ಗೌರವದಿಂದ ನೋಡಿ, ಎಷ್ಟು ಎತ್ತರ ಹಾರಿದ್ದೀರಿ ಎಂದು ಕೇಳುತ್ತಾರೆ. ನಾನು ಹಾರಿದವನಲ್ಲ. ಹಾರಿದವರಿಗೆ ಕೆಳಗಿಳಿಯುವ ಪ್ರಸಂಗ ಬಂದರೆ ಬೇಕಾಗುವ ಪ್ಯಾರಾಚೂಟುಗಳನ್ನು ಮಡಚಿಡುತ್ತಿದ್ದವನು. ಬಿಚ್ಚಿ ಒಣಗಿಸುವುದು, ಬೆಳಕಿಗೆ ಹಿಡಿದು ನೋಡುವುದು, ಹರಿದಲ್ಲಿ ಹೊಲಿಯುವುದು, ಮತ್ತೆ ಮಡಚುವುದು. ಮೀಸೆ ತೆಗೆದು ನೋಡಿದರೆ ದರ್ಜಿಯೇ ಸರಿ. ನನಗೆ ಕೆಲಸ ಕಲಿಸಿದ ಹಿರಿಯ ಉಸ್ತಾದರು ಹೇಳುತ್ತಿದ್ದದ್ದು ಒಂದೇ ಮಾತು: ಹೊಲಿಗೆಯ ಮುಖ ನೋಡಿ ಮರುಳಾಗಬೇಡ, ಬೆನ್ನು ನೋಡು. ಮೇಲಿನ ದಾರ ಎಲ್ಲರದ್ದೂ ಚಂದವೇ ಇರುತ್ತದೆ. ಅಡಿಯ ದಾರ ಸಡಿಲವೋ ಬಿಗಿಯೋ ಎಂಬುದು ತಿರುವಿದಾಗಲೇ ಗೊತ್ತಾಗುವುದು. ಆದ್ದರಿಂದ ತುಂಡನ್ನು ಬೆಳಕಿಗೆ ಹಿಡಿದು, ತೆಳುವಾದ ಜಾಗಕ್ಕೆ ಹಿಂಬದಿಯಿಂದ ಸೀಮೆಸುಣ್ಣದ ಗುರುತು ಹಾಕಿ, ಗುರುತು ಕಾಣುವಂತೆ ಬೆನ್ನು ಮೇಲೆ ಮಾಡಿಯೇ ಒಂದರ ಮೇಲೊಂದು ಒಟ್ಟಬೇಕು. ಮುಖ ಮೇಲೆ ಮಾಡಿ ಇಟ್ಟವನಿಗೆ ಎಲ್ಲರ ಎದುರಿಗೆ ಮಂಗಳಾರತಿ ಆಗುತ್ತಿತ್ತು. ಹೀಗೆ ಮೂವತ್ತೊಂದು ವರ್ಷ ಆದಮೇಲೆ, ನೋಡಿ ಪಾಸು ಮಾಡಿದ ಬಟ್ಟೆ ಎಂದರೆ ನನ್ನ ಕೈಗೆ ಬೆನ್ನು ಮೇಲಾಗಿ ಮಲಗಿದ ಬಟ್ಟೆ ಎಂದೇ ಅರ್ಥವಾಗಿಬಿಟ್ಟಿದೆ.

ಬಟ್ಟೆಗೆ ಮುಖ, ಬೆನ್ನು ಎಂಬ ಎರಡು ಬದಿಗಳಿವೆ ಎಂಬುದು ಉಳಿದವರಿಗೆ ನೆನಪಾಗುವುದು ಬನಿಯನ್ನು ತಿರುವಿ ಹಾಕಿಕೊಂಡು ಹಾಲು ತರಲು ಹೋದಾಗ ಮಾತ್ರ. ನಾನೋ ಇದರ ಬಗ್ಗೆ ಸಾಕಷ್ಟು ಚಿಂತನೆ ಮಾಡಿದ್ದೇನೆ. ನೇಯ್ದ ಚೌಕಳಿ ಬಟ್ಟೆಗೆ ಈ ತಾಪತ್ರಯವಿಲ್ಲ, ಯಾವ ಬದಿ ನೋಡಿದರೂ ಅದೇ ಚೌಕ. ಮರದ ಅಚ್ಚನ್ನು ಕೈಯಿಂದ ಒತ್ತಿದ ಬಟ್ಟೆಯಲ್ಲಿ ಬಣ್ಣ ನೂಲಿಗೆ ಇಳಿದು ಆಚೆ ಬದಿಗೂ ಅಷ್ಟಿಷ್ಟು ಹಾಯುತ್ತದೆ. ಗಿರಣಿಯಲ್ಲಿ ಪ್ರಿಂಟ್ ಆದ ಬಟ್ಟೆಗೆ ಮಾತ್ರ ಮುಖ ಒಂದು, ಬೆನ್ನು ಇನ್ನೊಂದು. ಮೇಲೆ ಕೆಂಪು ಹೂವಿದ್ದರೆ ಹಿಂದೆ ಅದೇ ಹೂವು ನೀರು ಬೆರೆಸಿದ ಹಾಲಿನಂತೆ ತೆಳ್ಳಗೆ ಕಾಣುತ್ತದೆ. ಇನ್ನು ನಮ್ಮ ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯಿದೆ. ಹೋಗುವಾಗ ಬಿಟ್ಟ ಜಾಗವನ್ನು ಬರುವಾಗ ತುಂಬಿಕೊಂಡು ಬರುವುದರಿಂದ ಎರಡೂ ಬದಿಗೆ ಒಂದೇ ಚಿತ್ತಾರ ಮೂಡುತ್ತದೆ, ಗಂಟು ಎಲ್ಲಿಯೂ ಕಾಣಬಾರದು. ಕಸೂತಿ ಹಾಕುವ ಹುಡುಗಿಯ ಕೈಚಳಕ ಎಷ್ಟೆಂದು ತಿಳಿಯಲು ಹಿರಿಯ ಹೆಂಗಸರು ಬಟ್ಟೆಯನ್ನು ತಿರುವಿಯೇ ನೋಡುತ್ತಿದ್ದರಂತೆ. ಅಂದರೆ ನನ್ನ ಚಾಳಿಗೆ ಪರಂಪರೆಯ ಬೆಂಬಲವೂ ಇದೆ. ಇದನ್ನು ಸರೋಜಾಳಿಗೆ ಹೇಳಿದೆ. ಅವರೆಲ್ಲ ಕಸೂತಿ ನೋಡುತ್ತಿದ್ದರು, ಮದುವೆಗೆ ಬಂದವರ ಮೈಮೇಲಿನ ಶಾಲು ಎಳೆಯುತ್ತಿರಲಿಲ್ಲ ಎಂದಳು.

ನಾನು ಗದಗಿನವನು, ಅವಳು ಹುಬ್ಬಳ್ಳಿಯವಳು. ಕೊನೆಯ ವರ್ಗಾವಣೆ ನಾಗಪುರಕ್ಕೆ ಆಯಿತು, ಮಗಳು ಅಮರಾವತಿಯಲ್ಲಿ ಹಲ್ಲಿನ ಡಾಕ್ಟರಾಗಿ ಅಲ್ಲಿಯೇ ಮದುವೆಯಾದಳು, ನಾವು ಧರಮಪೇಠದಲ್ಲಿ ಎರಡನೇ ಮಹಡಿಯ ಮನೆಯೊಂದನ್ನು ಹಿಡಿದು ಇಲ್ಲಿಯೇ ಉಳಿದೆವು. ಎದುರು ಮನೆಯಲ್ಲಿ ಮಂದಾಕಾಕು ಇದ್ದಾರೆ, ಎಂಬತ್ತರ ಹತ್ತಿರದ ಮರಾಠಿ ಹೆಂಗಸು. ಈ ಊರಿನ ಬೇಸಿಗೆಯನ್ನು ಕಂಡವರು ನಾಗಪುರದಲ್ಲಿ ಹೊದಿಕೆ ಹೊಲಿಯುವವರಿದ್ದಾರೆ ಎಂದರೆ ನಗಬಹುದು. ಆದರೆ ಡಿಸೆಂಬರಿನಲ್ಲಿ ಇಲ್ಲಿಯ ಚಳಿ ಕಾಲು ಹಿಡಿದು ಎಳೆಯುತ್ತದೆ. ನಮ್ಮಲ್ಲಿ ಕೌದಿ ಎನ್ನುವುದನ್ನು ಮಂದಾಕಾಕು ಗೋಧಡಿ ಎನ್ನುತ್ತಾರೆ. ಹೆಸರು ಬೇರೆ, ಕೆಲಸ ಒಂದೇ: ಅಡಿಗೊಂದು ಗಟ್ಟಿ ಬಟ್ಟೆ, ನಡುವೆ ಹಳೆಯ ಧೋತರ ಲುಂಗಿಗಳು, ಮೇಲೆ ಬಣ್ಣಬಣ್ಣದ ತುಂಡುಗಳು, ಎಲ್ಲವನ್ನೂ ಹಿಡಿದಿಡುವಂತೆ ಅಂಚಿನಿಂದ ನಡುವಿನ ತನಕ ಸಾಲು ಸಾಲು ಕೈಹೊಲಿಗೆ. ಮಳೆ ನಿಂತ ಮೇಲೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ಹೊಲಿಯುತ್ತಾರೆ. ಕಾಕುವಿನ ಮರಾಠಿಗೆ ಸರೋಜಾಳ ಕನ್ನಡ ಉತ್ತರ ಕೊಡುತ್ತಿರುತ್ತದೆ, ಇಬ್ಬರಿಗೂ ಬರೋಬರ್ ತಿಳಿಯುತ್ತದೆ.

ನನಗೆ ಅದರಲ್ಲಿ ಪ್ರವೇಶವಿರಲಿಲ್ಲ. ನಿವೃತ್ತನಾದ ಹೊಸದರಲ್ಲಿ ಒಮ್ಮೆ ಹತ್ತಿರ ಹೋಗಿ, ಸಾಲು ಸೊಟ್ಟಗಿದೆ, ಒಂದು ಇಂಚಿಗೆ ಹೊಲಿಗೆ ಕಡಿಮೆ ಬಿದ್ದಿವೆ ಎಂದು ತಪಾಸಣೆ ಶುರುಮಾಡಿದ್ದೆ. ಮಂದಾಕಾಕು ಕನ್ನಡಕದ ಮೇಲಿನಿಂದ ನೋಡಿ, ಈ ಗೋಧಡಿ ಕಟ್ಟಿಕೊಂಡು ನಾವು ಆಕಾಶದಿಂದ ಜಿಗಿಯುವವರಿಲ್ಲ ಎಂದರು. ನಾನು ಒಳಗೆ ಹೋಗಿ ಪೇಪರು ಓದಿದೆ.

ಹೋದ ವರ್ಷದ ಕೌದಿಯ ಮಾತು ಬೇರೆ. ಅದು ನನ್ನ ಅತ್ತೆಯ ಸೀರೆಯ ಕೌದಿ. ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಹುಬ್ಬಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರಾಗಿದ್ದವರು, ಗಟ್ಟಿ ಧ್ವನಿಯ ಮೆತ್ತನೆಯ ಹೆಂಗಸು. ಅವರ ಪಾತ್ರೆ, ಪೆಟ್ಟಿಗೆ, ಇಳಕಲ್ ಸೀರೆ ಎಲ್ಲ ಅಲ್ಲಿದ್ದವರ ಕೈಗೆ ಅಲ್ಲಿಯೇ ಸಂದವು. ದೂರದಲ್ಲಿದ್ದ ಸರೋಜಾಳಿಗೆ ಬಂದದ್ದು ಟ್ರಂಕಿನ ತಳದಲ್ಲಿದ್ದ ಒಂದು ಹತ್ತಿಯ ಪ್ರಿಂಟೆಡ್ ಸೀರೆ, ಐವತ್ತು ವರ್ಷದ ಹಳೆಯದು. ಕೆನೆ ಬಣ್ಣದ ಮೇಲೆ ಅಂಗೈ ಅಗಲದ ಕೆಂಪು ದಾಸವಾಳ, ಹಸಿರು ಎಲೆ. ಉಡಲಿಕ್ಕೆ ಆಗದು, ನೆರಿಗೆ ಹಿಡಿದರೆ ಹರಿಯುವಷ್ಟು ಜೀರ್ಣವಾಗಿತ್ತು. ಆದರೆ ಅವಳ ತಾಯಿಯದೆಂದು ಅವಳ ಬಳಿ ಇದ್ದದ್ದು ಅದೊಂದೇ. ಟ್ರಂಕಿನಲ್ಲಿ ಹೂತಿಟ್ಟರೆ ಹುಳ ತಿನ್ನುತ್ತದೆ, ಕೌದಿ ಮಾಡಿದರೆ ದಿನಾ ಮೈಮೇಲೆ ಇರುತ್ತದೆ ಎಂದು ಅವಳು ವರ್ಷವಿಡೀ ಯೋಚಿಸಿ ನಿರ್ಧಾರ ಮಾಡಿದ್ದಳು. ಮುಂಜಾನೆ ಕಣ್ಣು ಬಿಟ್ಟ ಕೂಡಲೇ ಅವ್ವನ ಕೆಂಪು ಹೂವು ಕಾಣಬೇಕು, ಅಷ್ಟೇ ಅವಳ ಆಸೆ.

ಹತ್ತಿರದ ಕಾಮಠಿಗೆ ಹೋಗಿ ಕೌದಿಯ ಅಡಿಗೆಂದು ಕೈಮಗ್ಗದ ಸಾದಾ ಬಟ್ಟೆ ತಂದೆವು. ಸರೋಜಾ ಎದೆ ಗಟ್ಟಿಮಾಡಿಕೊಂಡು ಸೀರೆಯ ಒಡಲನ್ನು ತುಂಡುಗಳಾಗಿ ಕತ್ತರಿಸಿದಳು. ಜೊತೆಗೆ ನನ್ನ ಹಳೆಯ ಚೌಕಳಿ ಲುಂಗಿ, ಮಗಳ ಸಾದಾ ಲಂಗ ಇವುಗಳ ತುಂಡುಗಳೂ ಇದ್ದವು. ಸೆರಗನ್ನು ಮಾತ್ರ ಕತ್ತರಿಸಲಿಲ್ಲ. ಅದನ್ನು ಇಡಿಯಾಗಿ ಕೌದಿಯ ನಟ್ಟನಡುವೆ ಹಚ್ಚುವುದು ಅವಳ ಯೋಜನೆ. ಅಷ್ಟರಲ್ಲಿ ಹುಬ್ಬಳ್ಳಿಯಿಂದ ಅವಳ ಅಣ್ಣನ ಹೊಸ ಮನೆಯ ವಾಸ್ತುಶಾಂತಿಗೆ ಕರೆ ಬಂತು. ಎಂಟು ದಿನಕ್ಕೆ ಹೊರಟವಳು, ತುಂಡುಗಳಲ್ಲಿ ತೀರಾ ಜೀರ್ಣವಾದವು ಇದ್ದರೆ ಬೇರೆ ತೆಗೆದಿಡಿ, ನಿಮಗೆ ಅದು ಚಲೋ ಗೊತ್ತಾಗುತ್ತದೆ ಎಂದು ನನಗೆ ಹೇಳಿದಳು.

ನೋಡಿ, ಮೊದಲ ಸಲ ನನ್ನ ವಿದ್ಯೆಗೆ ಮನೆಯಲ್ಲಿ ಮನ್ನಣೆ ಸಿಕ್ಕಿತ್ತು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ನಾನು ಆ ಅಗಸನಿಗೆ ಅಣ್ಣ. ಅವಳು ಹೇಳಿದ್ದು ಬರೀ ತಪಾಸಣೆ. ನಾನು ಅಷ್ಟಕ್ಕೇ ಬಿಡಲಿಲ್ಲ, ಅವಳು ಬರುವುದರೊಳಗೆ ಸೆರಗಿನ ಜಾಗವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೊಲಿದು ಬೆರಗುಗೊಳಿಸೋಣ ಎಂದುಕೊಂಡೆ. ಪ್ರತಿ ತುಂಡನ್ನೂ ಕಿಟಕಿಯ ಬೆಳಕಿಗೆ ಹಿಡಿದೆ, ಜೀರ್ಣವಾದಲ್ಲಿ ಗುರುತು ಹಾಕಿದೆ, ಒಪ್ಪವಾಗಿ ಒಟ್ಟಿದೆ. ಅಡಿಯ ಬಟ್ಟೆಯನ್ನು ನೆಲದ ಮೇಲೆ ಹರವಿ, ತುಂಡುಗಳನ್ನು ಒಟ್ಟಿದ ಕ್ರಮದಲ್ಲಿಯೇ ತೆಗೆದು ಜೋಡಿಸಿ, ಜೀರ್ಣವಾದ ಜಾಗಕ್ಕೆ ಹೊಲಿಗೆ ಹತ್ತಿರ ಹತ್ತಿರ ಬೀಳುವಂತೆ ಎಂಟು ದಿನ ಬೆನ್ನು ಬಗ್ಗಿಸಿ ಹೊಲಿದೆ. ಎಂಥ ಹೊಲಿಗೆ ಅಂತೀರಿ! ಗೀಟು ಎಳೆದ ಹಾಗೆ ನೇರ, ಎಳ್ಳು ಎಳ್ಳಿನಷ್ಟು ಅಂತರ. ನನ್ನ ಉಸ್ತಾದರು ನೋಡಿದ್ದರೆ ತಿರುವಿ ನೋಡಿ ತಲೆಯಾಡಿಸುತ್ತಿದ್ದರು.

ಸರೋಜಾ ಬಂದ ದಿನ ಮಂದಾಕಾಕುವನ್ನೂ ಕರೆದು, ಚಹಾ ಮಾಡಿಟ್ಟು, ಮಂಚದ ಮೇಲೆ ಕೌದಿಯನ್ನು ಹರವಿದೆ. ಇಬ್ಬರೂ ಕಣ್ಣು ಕದಲಿಸದೆ ನೋಡಿದರು. ನಾನು ಅದನ್ನು ಮೆಚ್ಚುಗೆ ಎಂದೇ ತಿಳಿದು, ಹೊಲಿಗೆಯ ಬಿಗಿಯನ್ನು ವಿವರಿಸಲು ಶುರುಮಾಡಿದ್ದೆ. ಸರೋಜಾ ಬಗ್ಗಿ ಒಂದು ತುಂಡಿನ ಮೇಲೆ ಬೆರಳಿಟ್ಟಳು.

"ಅವ್ವನ ಹೂವು ಎಲ್ಲಿ ಹೋದೂರೀ?"

ಆಗ ನೋಡಿದೆ. ನಿಜ ಹೇಳುತ್ತೇನೆ, ಎಂಟು ದಿನ ಅದರ ಮೇಲೆಯೇ ಕೂತಿದ್ದರೂ ಆಗಲೇ ನಾನು ಅದನ್ನು ನೋಡಿದ್ದು. ಕಣ್ಣೆಲ್ಲ ಹೊಲಿಗೆಯ ಮೇಲಿತ್ತು. ಹೂವು ಮಂಕಾಗಿ ಕಂಡದ್ದಕ್ಕೆ ಹಳೆಯ ಸೀರೆ, ಮಾಸಿದೆ ಎಂದುಕೊಂಡಿದ್ದೆ. ಮೂವತ್ತೊಂದು ವರ್ಷದ ಅಭ್ಯಾಸದಂತೆ ಬೆನ್ನು ಮೇಲೆ ಮಾಡಿ ಒಟ್ಟಿದ್ದೆ, ಒಟ್ಟಿದ ಹಾಗೆಯೇ ಎತ್ತಿ ಹೊಲಿದಿದ್ದೆ. ಲುಂಗಿಗೂ ಲಂಗಕ್ಕೂ ಏನೂ ಆಗಿರಲಿಲ್ಲ, ಅವಕ್ಕೆ ಎರಡೂ ಬದಿ ಒಂದೇ. ಮುಖ ಬೇರೆ, ಬೆನ್ನು ಬೇರೆ ಇದ್ದದ್ದು ಆ ರಾಶಿಯಲ್ಲಿ ಅತ್ತೆಯ ಸೀರೆಯೊಂದಕ್ಕೇ. ಅವರ ಕೆಂಪು ದಾಸವಾಳಗಳೆಲ್ಲ ಮುಖ ಕೆಳಗೆ ಮಾಡಿ ಕೌದಿಯ ಹೊಟ್ಟೆ ಸೇರಿದ್ದವು. ಮೇಲೆ ಉಳಿದದ್ದು ಅವುಗಳ ತೆಳು ಗುಲಾಬಿ ನೆರಳು.

ಬಿಚ್ಚಿ ಮತ್ತೆ ಹೊಲಿಯುತ್ತೇನೆ ಎಂದೆ. ಸರೋಜಾ ಆಗಲೇ ಸಣ್ಣ ಕತ್ತರಿ ತಂದು ಒಂದು ಮೂಲೆಯ ದಾರ ಕತ್ತರಿಸಿ, ಮೆಲ್ಲಗೆ ಎಳೆದಳು. ನನ್ನ ಹೊಲಿಗೆ ಎಷ್ಟು ಒತ್ತಾಗಿತ್ತೆಂದರೆ ದಾರದ ಜೊತೆ ಬಟ್ಟೆಯೂ ಬಂತು. ಅಂಚೆಚೀಟಿ ಹರಿದ ಹಾಗೆ ತೂತಿನ ಸಾಲಿನ ಗುಂಟ ಒಂದು ಗೇಣು ಸೀರೆ ಸದ್ದಿಲ್ಲದೆ ಬಿಟ್ಟುಕೊಂಡಿತು. ಇನ್ನೊಂದು ದಾರಕ್ಕೆ ಕೈ ಹಾಕುವುದರೊಳಗೆ ಮಂದಾಕಾಕು ಅವಳ ಕೈಮೇಲೆ ತಮ್ಮ ಕೈ ಇಟ್ಟು, 'ರಾಹೂ ದೇ ಗ, ಪೋರಿ' ಎಂದರು. ಇರಲಿ ಬಿಡು ಮಗಳೇ ಎಂದು. ಅರವತ್ತಕ್ಕೆ ಹತ್ತಿರವಾದ ನನ್ನ ಹೆಂಡತಿ ಚಿಕ್ಕ ಹುಡುಗಿಯ ಹಾಗೆ ಅತ್ತಳು. ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಲ್ಲಿ ನನಗೂ ಅಳು ಬಂತು.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಕೌದಿಯನ್ನು ಮಡಚಿ, ಸೆರಗನ್ನು ಅದರೊಳಗಿಟ್ಟು, ಕಪಾಟಿನ ಮೇಲೆ ಹಾಕಿದಳು. ಊಟಕ್ಕೆ ಬರ್ರಿ, ಗ್ಯಾಸಿನವ ಬಂದಾನ, ಗುಳಿಗಿ ತಗೊಂಡ್ರ್ಯಾ, ಇಷ್ಟೇ ಮಾತು. ನಮ್ಮ ಮನೆಯಲ್ಲಿ ಜಗಳವಿಲ್ಲದ ದಿನಗಳೆಂದರೆ ಅವೇ, ಅಷ್ಟು ಕೆಟ್ಟ ದಿನಗಳನ್ನು ನಾನು ನೋಡಿರಲಿಲ್ಲ. ಮಗಳಿಗೆ ಫೋನು ಮಾಡಿ ತೋಡಿಕೊಂಡೆ. ಅವಳ ಕನ್ನಡ ಅರ್ಧ ಮರಾಠಿ. ಅಪ್ಪಾ, ಕಾಳಜಿ ಮಾಡಬ್ಯಾಡ ಎಂದು ಮೊಬೈಲಿಗೆ ಎರಡು ವಿಡಿಯೋ ಕಳಿಸಿದಳು. ಯಾವುದೋ ದೇಶದ ಹೆಂಗಸರು ಪ್ರಿಂಟೆಡ್ ಬಟ್ಟೆಯ ಹಿಂಬದಿಯನ್ನೇ ಬೇಕೆಂದು ಮೇಲೆ ಮಾಡಿ ಹೊದಿಕೆ ಹೊಲಿಯುತ್ತಿದ್ದರು. ಒಂದೇ ಬಟ್ಟೆಯಿಂದ ಎರಡು ಬಣ್ಣ ಸಿಗುತ್ತದೆ, ಗಾಢವಾದದ್ದರ ಪಕ್ಕಕ್ಕೆ ತೆಳುವಾದದ್ದು ಇಟ್ಟರೆ ಕಣ್ಣಿಗೆ ತಂಪು ಎಂದೆಲ್ಲ ಹೇಳುತ್ತಿದ್ದರು. ನನಗೆ ಜೀವ ಬಂದಂತಾಯಿತು. ಓಡಿಹೋಗಿ ಸರೋಜಾಳಿಗೆ ತೋರಿಸಿದೆ. ಅವಳು ಪೂರ್ತಿ ನೋಡಿ ಮೊಬೈಲು ವಾಪಸು ಕೊಟ್ಟಳು.

"ಭಾಳ ಚಂದ ಐತಿ. ಆದರ ಅವರು ಅಂಗಡ್ಯಾಗಿಂದ ತಂದ ಅರಿವೀರಿ ಅದು."

ಹೊಸ ಬಟ್ಟೆಗೆ ಯಾವ ಬದಿಯಾದರೇನು, ಅದನ್ನು ಇನ್ನೂ ಯಾರೂ ನೋಡಿರುವುದಿಲ್ಲ. ಉಟ್ಟು ಹಳತಾದ ಬಟ್ಟೆಗೆ ಹಾಗಲ್ಲ, ನೋಡಿದವರ ಕಣ್ಣಲ್ಲಿ ಅದರ ಮುಖ ಕೂತಿರುತ್ತದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಎಂದು ಗಾದೆ. ಅವನಿಗಾದರೂ ಯಾವುದೋ ಒಂದು ಮುಖ ಸಿಕ್ಕಿತು. ನಾನು ಇದ್ದ ಮುಖವನ್ನೂ ಗೋಡೆಗೆ ತಿರುಗಿಸಿದ್ದೆ.

ಆ ದಿನಗಳಲ್ಲಿ ನನಗೆ ಎಲ್ಲೆಲ್ಲೂ ಹಿಂಬದಿಗಳೇ ಕಾಣತೊಡಗಿದವು. ಅಮರಾವತಿಗೆ ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ಕಾಣುವುದೆಲ್ಲ ಮನೆಗಳ ಹಿತ್ತಿಲೇ. ಮುಂದಿನ ಬಾಗಿಲಿಗೆ ಪೇಂಟು ಹೊಡೆದು ತೋರಣ ಕಟ್ಟಿದವರೂ ಹಿಂದೆ ಒಡೆದ ಬಕೆಟು, ಒಣಹಾಕಿದ ಲಂಗ, ತುಳಸಿಯ ಡಬ್ಬಿ, ಬಿಸಿಲಿಗಿಟ್ಟ ಹಪ್ಪಳ ಇಟ್ಟುಕೊಂಡಿರುತ್ತಾರೆ. ಆ ಮನೆಯವರ ಬದುಕು ನನಗೆ ತಿಳಿಯುವುದು ಅಲ್ಲಿಯೇ ಹೊರತು ಮುಂದಿನ ಬಾಗಿಲಲ್ಲಲ್ಲ. ನಮ್ಮ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಮಗಳು ಲೆಕ್ಕ ಬಿಡಿಸುತ್ತಿದ್ದಳು. ಮುಂದಿದ್ದ ದೇವರ ಚಿತ್ರ ಯಾವುದೆಂದು ನೆನಪಿಲ್ಲ, ಹಿಂದಿದ್ದ ಅವಳ ತಪ್ಪು ಭಾಗಾಕಾರ ನೆನಪಿದೆ. ಹೀಗೆಲ್ಲ ಹಿಂಬದಿಯ ಪರವಾಗಿ ವಾದ ಹೂಡುತ್ತಿದ್ದೆ, ಮನಸ್ಸಿನಲ್ಲೇ. ಮೇಲೆ ಥಳುಕು ಒಳಗೆ ಹುಳುಕು ಎನ್ನುತ್ತಾರಲ್ಲ, ಬೆನ್ನಿಗೆ ಥಳುಕೇ ಇಲ್ಲವಾದ್ದರಿಂದ ಮೋಸವೂ ಇಲ್ಲ ಎಂದು ಒಂದು ಸಿದ್ಧಾಂತವನ್ನೂ ಕಟ್ಟಿದ್ದೆ. ಸರೋಜಾಳ ಮುಖ ನೋಡಿದ ಕೂಡಲೇ ಸಿದ್ಧಾಂತ ಬಾಯಿಗೆ ಬರುತ್ತಿರಲಿಲ್ಲ. ತಪ್ಪು ಮಾಡಿದವನಿಗೆ ತತ್ವಜ್ಞಾನ ಬೇಗ ಒಲಿಯುತ್ತದೆ, ಆದರೆ ಅದನ್ನು ಕೇಳಬೇಕಾದವರು ಕೇಳಬೇಕಲ್ಲ.

ಡಿಸೆಂಬರು ಬಂತು, ಚಳಿ ಹಿಡಿಯಿತು. ಅರ್ಧಕ್ಕೆ ಬಿಟ್ಟ ಗೋಧಡಿ ಮನೆಯಲ್ಲಿರಬಾರದು ಎಂದು ಮಂದಾಕಾಕು ದಿನಾ ಹೇಳಲು ಶುರುಮಾಡಿದರು. ಹೀಗೊಂದು ಶಾಸ್ತ್ರ ನಿಜಕ್ಕೂ ಇದೆಯೋ, ಅಥವಾ ನಮ್ಮಿಬ್ಬರನ್ನು ನೋಡಲಾರದೆ ಅವರೇ ಅದನ್ನು ಹುಟ್ಟಿಸಿದರೋ ಗೊತ್ತಿಲ್ಲ. ಒಂದು ರವಿವಾರ ಮುಂಜಾನೆ ಸರೋಜಾ ಕಪಾಟಿನ ಮೇಲಿನಿಂದ ಗಂಟು ಇಳಿಸಿದಳು.

"ಸೆರಗು ಉಳದೈತಿ. ಅದನ್ನರ ಸುದ್ದ ಹಚ್ಚೋಣು. ನಡುವರ ಅವ್ವ ಕಾಣ್ಲಿ."

ಅದನ್ನರ ಎಂದಳಲ್ಲ, ಆ ಮಾತು ನನಗೆ ನಾಟಿತು. ಹಚ್ಚೋಣು ಎಂದಳಲ್ಲ, ಅದರಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದಳು. ನಾನು ಎರಡು ಸಲ ಕೈ ತೊಳೆದುಕೊಂಡು ಬಂದೆ.

ಬಾಲ್ಕನಿಯಲ್ಲಿ ಎಳೆಬಿಸಿಲು ಬಿದ್ದಿತ್ತು. ಹೊಲಿಯುವ ಮೊದಲು ಸೆರಗಿನಲ್ಲಿ ಜೀರ್ಣವಾದ ಜಾಗ ಎಲ್ಲಿದೆ ನೋಡಬೇಕಲ್ಲ. ಇಷ್ಟು ದೊಡ್ಡ ಬಟ್ಟೆಯಾದರೆ ಇಬ್ಬರು ಬೇಕು. ನಾನು ಕಟಾಂಜನದ ಕಡೆ ನಿಂತು ಮೇಲಿನ ಎರಡು ಮೂಲೆ ಎತ್ತಿ ಹಿಡಿದೆ. ಅವಳು ಬಾಗಿಲ ಕಡೆ ನಿಂತು ಕೆಳಗಿನ ಎರಡು ಮೂಲೆ ಹಿಡಿದಳು. ಬಿಸಿಲು ನನ್ನ ಬೆನ್ನ ಹಿಂದಿನಿಂದ ಬಂದು ಸೆರಗನ್ನು ಹಾಯ್ದು ಅವಳ ಮೇಲೆ ಬೀಳುತ್ತಿತ್ತು. ನನ್ನ ಕಡೆಗೆ ಸೆರಗಿನ ಮುಖವಿತ್ತು, ಕೆಂಪಗೆ ಅರಳಿದ ದಾಸವಾಳಗಳು. ಅವಳ ಕಡೆಗೆ ಬೆನ್ನಿತ್ತು. ಎಲ್ಲಿ ತೆಳುವಾಗಿದೆ ಹೇಳು ಎಂದೆ. ಮತ್ತೆ ಕೇಳಿದೆ. ಆಚೆಯಿಂದ ಸೆರಗು ಸ್ವಲ್ಪ ಜಗ್ಗಿತು. ಬಗ್ಗಿ ನೋಡಿದರೆ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅದರಡಿ ನಿಂತು ಮೇಲೆ ನೋಡುತ್ತಿದ್ದಳು. ಮುಖದ ಮೇಲೆ ಗುಲಾಬಿ ಬೆಳಕು ಬಿದ್ದಿತ್ತು. ಸೆರಗು ಹರಿದೀತೆಂದು ಹೆದರಿ ನಾನು ಎರಡು ಹೆಜ್ಜೆ ಹತ್ತಿರ ಸರಿದೆ.

"ಸಾಲಿ ಬಿಟ್ಟ ಮ್ಯಾಲೆ ಬಿಸಲಾಗ ಬರೂಮುಂದ ಅವ್ವ ಸೆರಗು ತಗದು ನನ್ನ ತಲಿ ಮ್ಯಾಲೆ ಹೊಚ್ಚತಿದ್ಲು. ಮನಿ ಬರೂತನಕಾ ನಾ ಒಳಗಿಂದ ಹೂವು ಎಣಸ್ಕೋತ ನಡೀತಿದ್ದೆ. ಹಿಂಗ ಇದ್ದೂ ನೋಡ್ರಿ ಅವು. ಹಿಂಗ, ನೀರು ಕೂಡಿಸಿದಂಗ."

ಅವಳು ಸೆರಗಿನೊಳಗಿನಿಂದಲೇ ಮುಂದುವರಿಸಿದಳು.

"ಕೆಂಪು ಕೆಂಪು ಅಂತ ನಾ ಹೇಳತಿದ್ದದ್ದು ಟ್ರಂಕಿನ್ಯಾಗ ಕಂಡದ್ದು, ದೊಡ್ಡಾಕಿ ಆದಮ್ಯಾಲೆ. ಇದು ಮರತೇ ಹೋಗಿತ್ತು."

ಅತ್ತೆ ಶಾಲೆಯಿಂದ ಮನೆಗೆ ನಡೆದು ಬರುತ್ತಿದ್ದರೆ ದಾರಿಯ ಜನರೆಲ್ಲ ಆ ಕೆಂಪು ಹೂವುಗಳನ್ನು ನೋಡಿರಬೇಕು. ಟೀಚರ್ ಎಂಥ ಸೀರೆ ಉಟ್ಟಿದ್ದಾರೆ ಎಂದುಕೊಂಡಿರಬೇಕು. ಸೀರೆಯ ಆ ಮುಖ ಊರಿಗೆ ಸೇರಿದ್ದು. ಈ ಬದಿಯನ್ನು ಕಂಡವರು ಜಗತ್ತಿನಲ್ಲಿ ಇಬ್ಬರೇ. ಒಬ್ಬರು ಅದನ್ನು ಮೈಗೆ ತಾಗಿಸಿಕೊಂಡು ಉಟ್ಟವರು, ಇನ್ನೊಬ್ಬಳು ಅದರಡಿ ತಲೆ ಹುದುಗಿಸಿ ನಡೆದವಳು. ಇದೆಲ್ಲ ನನಗೆ ಹೊಳೆದದ್ದು ಆಮೇಲೆ. ಆ ಕ್ಷಣದಲ್ಲಿ ಸೆರಗನ್ನು ಎತ್ತಿ ಹಿಡಿದು ಹಿಡಿದು ಕೈ ನೋಯುತ್ತಿತ್ತು, ಇಳಿಸಲು ಮನಸ್ಸಾಗಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅವಳು ಹೊರಬಂದು, ಕಣ್ಣು ಒರೆಸಿಕೊಂಡು, ಚಹಾ ಇಡುತ್ತೇನೆ ಎಂದು ಒಳಗೆ ಹೋದಳು. ನನಗೆ ಇದ್ದ ಯೋಚನೆ ಒಂದೇ: ಮಾಡಿದ ತಪ್ಪನ್ನು ಮತ್ತೆ ಮಾಡಬಾರದು. ಈ ಸೆರಗಾದರೂ ಸುದ್ದ, ಮುಖ ಮೇಲಾಗಿ ಬೀಳಬೇಕು. ಕೌದಿಯನ್ನು ನೆಲಕ್ಕೆ ಹಾಸಿ, ನಡುವಿನ ಖಾಲಿ ಜಾಗದ ಮೇಲೆ ಸೆರಗನ್ನು ಮುಖ ಮೇಲೆ ಮಾಡಿ ಹರವಿದೆ. ಕನ್ನಡಕ ಹಾಕಿಕೊಂಡು ನೋಡಿದೆ, ತೆಗೆದು ನೋಡಿದೆ. ಕೈ ತನ್ನಷ್ಟಕ್ಕೆ ತಿರುವಲು ಹೋದದ್ದನ್ನು ಎರಡು ಸಲ ತಡೆದೆ. ಕೆಂಪು ಮೇಲೆ, ಕೆಂಪು ಮೇಲೆ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ನಾಲ್ಕು ಮೂಲೆಗೂ ನಡುವಿಗೂ ಟಾಚಣಿ ಚುಚ್ಚಿ, ಸುಕ್ಕು ತೀಡಿ, ಎದ್ದು ನಿಂತೆ. 

ಸರೋಜಾ ಎರಡು ಕಪ್ಪು ಹಿಡಿದು ಬಂದು ನೋಡಿದಳು. ಸುತ್ತಲೂ ತೆಳು ಗುಲಾಬಿ ಹೂವುಗಳು, ನಡುವೆ ಕಣ್ಣು ಕುಕ್ಕುವ ಕೆಂಪು. ಕಪ್ಪುಗಳನ್ನು ಕೆಳಗಿಟ್ಟು ಕೂತಳು. ಒಂದೊಂದೇ ಟಾಚಣಿ ತೆಗೆದು ತುಟಿಯ ನಡುವೆ ಹಿಡಿದಳು. ಆಮೇಲೆ ಸೆರಗನ್ನು ಎರಡೂ ಕೈಯಿಂದ ಎತ್ತಿ ಮೆಲ್ಲಗೆ ಮಗುಚಿ, ಬೆನ್ನು ಮೇಲೆ ಮಾಡಿ, ಅಂಗೈಯಿಂದ ಸವರಿ ಸರಿಮಾಡಿದಳು.

"ಉಲ್ಟಾ ಹಾಕಿದ್ರಿ," ಎಂದಳು.

ಒಟ್ಟಿನಲ್ಲಿ ನಾನು ಹೇಗೆ ಇಟ್ಟರೂ ತಪ್ಪೇ. ಬಹಳ ದಿನಗಳ ಮೇಲೆ ಅವಳ ಬಾಯಿಂದ ಬೈಸಿಕೊಂಡ ಸಮಾಧಾನದಲ್ಲಿ ಸೂಜಿಗೆ ದಾರ ಪೋಣಿಸಿ ಅವಳ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ಚಹಾ ಕುಡಿದೆ.